ಮೇಲ್ ಹಾಕ್ಲಾ, ಎದ್ದು ಹೋಗಿ ಮಾತಾಡ್ಲಾ?

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಭಾಗ ಆಫೀಸಿಂದೇ. ಮದುವೆ, ಸಾಲ, ಅತ್ತೆ-ಸೊಸೆ ಎಲ್ಲಾ ಪಕ್ಕಕ್ಕೆ ಸರಿದು ಬರೀ ಇಮೇಲು, ಸಿಸಿ (ಅದರ ಪ್ರತಿ ಇನ್ನೊಬ್ಬರಿಗೂ ಕಳಿಸೋದು), ಬಾಸು. ಸರಿ, ಈ ಅಂಕಣ ಪೂರ್ತಿ ಅದಕ್ಕೇ ಕೊಟ್ಟುಬಿಡೋಣ. ಹೆಸರು ಯಾರದ್ದೂ ಹಾಕಿಲ್ಲ, ಕೆಲವರು ಬೇಡ ಅಂದಿದ್ರು, ಉಳಿದವರದ್ದು ನಾನೇ ತೆಗೆದೆ. ಉದ್ದ ಇದ್ದ ಪತ್ರಗಳಿಗೆ ಸ್ವಲ್ಪ ಕತ್ತರಿ ಬಿದ್ದಿದೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಾನು ತಿಪಟೂರು ಕಡೆಯವಳು, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಈಗ ಬೆಂಗಳೂರಲ್ಲಿ ಒಂದು ಸಾಫ್ಟ್‌ವೇರ್ ಕಂಪನೀಲಿ ಟೆಸ್ಟಿಂಗ್ ಟೀಮಲ್ಲಿದೀನಿ. ನಮ್ ಲೀಡ್ ಕೂರೋದು ನನ್ನಿಂದ ಎರಡೇ ಸೀಟ್ ಆಚೆ, ಆದ್ರೂ ನಾನು ಎಲ್ಲಾನೂ ಮೇಲಲ್ಲೇ ಕೇಳ್ತೀನಿ. ಮೇಲಲ್ಲಾದ್ರೆ ನಾಲ್ಕು ಸಲ ಓದಿ ಗ್ರಾಮರ್ ಸರಿ ಮಾಡಿ ಕಳಿಸ್ಬೋದು. ಬಾಯಲ್ಲಾದ್ರೆ 'ಆಕ್ಚುಯಲಿ' ಅಂತ ಶುರು ಮಾಡಿ ಅಲ್ಲೇ ನಿಂತುಬಿಡ್ತೀನಿ. ಮೊನ್ನೆ ಅವ್ರು ಎಲ್ಲರ ಮುಂದೆ, ಇಷ್ಟು ಹತ್ರ ಕೂತು ಮೇಲ್ ಯಾಕೆ ಹಾಕ್ತೀಯ, ಬಂದು ಕೇಳೋಕಾಗಲ್ವಾ ಅಂತ ಇಂಗ್ಲಿಷಲ್ಲಿ ಗದರಿಸಿದ್ರು. ಅವತ್ತಿಂದ ಮೇಲ್ ಹಾಕೋಕೂ ಭಯ, ಮಾತಾಡೋಕೂ ಭಯ. ಏನ್ ಮಾಡ್ಲಿ?

ಉತ್ತರ: ನಿಮಗೆ ಮಾತಾಡೋಕೆ ಭಯ ಇಲ್ಲ ಕಣಮ್ಮ, ಇಂಗ್ಲಿಷಲ್ಲಿ ಮಾತಾಡೋಕೆ ಭಯ. ಇವೆರಡನ್ನ ಬೇರೆ ಮಾಡಿ ನೋಡಿ, ಅರ್ಧ ಹಗುರ ಆಗುತ್ತೆ. ಊಟಕ್ಕೆ ಕೂತಾಗ ಇದೇ ಲೀಡ್ ಜೊತೆ ಕನ್ನಡದಲ್ಲೋ ಅರ್ಧಂಬರ್ಧ ಹಿಂದೀಲೋ ಮಾತಾಡ್ತೀರಲ್ಲ, ಅಲ್ಲಿ ನಾಲಿಗೆ ನಿಲ್ಲುತ್ತಾ?

ಮೊದಲು ನಿಮ್ಮ ಪರವಾಗಿ ಒಂದು ಮಾತು. ಟೆಸ್ಟಿಂಗಲ್ಲಿರೋರು ಬರೆಯೋದು ತಪ್ಪೇನಲ್ಲ, ಬರೆಯೋದೇ ಕೆಲಸ. ಯಾವ ಬಿಲ್ಡು (ಸಾಫ್ಟ್‌ವೇರಿನ ಆವೃತ್ತಿ), ಏನೇನು ಒತ್ತಿದ್ರೆ ತಪ್ಪು ಬಂತು, ಏನು ಬರಬೇಕಿತ್ತು, ಏನು ಬಂತು, ಸ್ಕ್ರೀನ್‌ಶಾಟ್, ಇದೆಲ್ಲ ಬಾಯಲ್ಲಿ ಹೇಳೋದಲ್ಲ, ಬಗ್ ಟಿಕೆಟ್ಟಲ್ಲಿ (ಸಾಫ್ಟ್‌ವೇರಿನ ತಪ್ಪು ದಾಖಲು ಮಾಡೋ ಚೀಟಿ) ಇರಲೇಬೇಕು. ನಾಲ್ಕು ಸಲ ಓದಿ ಕಳಿಸೋ ಹುಡುಗಿಯ ಟಿಕೆಟ್ಟು, ಎದ್ದು ಬಂದು ಪಟಪಟ ಇಂಗ್ಲಿಷ್ ಉದುರಿಸಿ ಟಿಕೆಟ್ಟಲ್ಲಿ 'ನಾಟ್ ವರ್ಕಿಂಗ್' ಅಂತ ಎರಡೇ ಪದ ಬರೆಯೋರಿಗಿಂತ ಖಂಡಿತ ಚೆನ್ನಾಗಿರುತ್ತೆ. ಅದನ್ನ ಬಿಡಬೇಡಿ.

ಆದ್ರೆ ಕೆಲವು ವಿಷಯಕ್ಕೆ ಎದ್ದು ಹೋಗಲೇಬೇಕು. ರಿಕ್ವೈರ್‌ಮೆಂಟೇ, ಅಂದ್ರೆ ಸಾಫ್ಟ್‌ವೇರ್ ಏನು ಮಾಡಬೇಕು ಅನ್ನೋದೇ, ಅರ್ಥ ಆಗಿಲ್ಲ ಅಂದಾಗ, ಯಾಕಂದ್ರೆ ಅರ್ಥ ಆಗದೇ ಇರೋದನ್ನ ಮೇಲಲ್ಲಿ ಕೇಳೋಕೆ ಹೋದ್ರೆ ಪ್ರಶ್ನೆನೇ ತಪ್ಪಾಗಿರುತ್ತೆ, ಅವರು ಕೇಳಿದ್ದಕ್ಕಷ್ಟೇ ಉತ್ತರ ಕೊಡ್ತಾರೆ, ಮತ್ತೆ ನೀವು ಇನ್ನೊಂದು ಕೇಳ್ತೀರಿ, ಸಂಜೆ ಆಗುತ್ತೆ. ಆಮೇಲೆ ಡೆವಲಪರ್ 'ಇದು ಬಗ್ ಅಲ್ವೇ ಅಲ್ಲ' ಅಂತ ಟಿಕೆಟ್ ವಾಪಸ್ ತಳ್ಳಿದಾಗ. ಇದನ್ನ ಬರವಣಿಗೇಲಿ ಎಳೆದಾಡಿದ್ರೆ ಜಗಳ ಆಗುತ್ತೆ. ಅವರ ಸೀಟಿಗೆ ಹೋಗಿ, ಬಗ್ ಅವರ ಕಣ್ಮುಂದೆ ಬರಿಸಿ ತೋರಿಸಿ. ಸ್ಕ್ರೀನ್ ಮುಂದೆ ಇದ್ರೆ ಇಂಗ್ಲಿಷ್ ಎಷ್ಟು ಕಮ್ಮಿ ಸಾಕು ಅಂತ ನೀವೇ ನೋಡಿ, 'ಸೀ ಹಿಯರ್, ಐ ಕ್ಲಿಕ್, ಇಟ್ ಹ್ಯಾಂಗ್ಸ್' ಅಷ್ಟೇ. ಹೋಗೋ ಮುಂಚೆ ಒಂದು ಚೀಟೀಲಿ ಎರಡು ಸಾಲು ಬರ್ಕೊಳ್ಳಿ, ಚೀಟಿ ಕೈಯಲ್ಲಿ ಹಿಡ್ಕೊಂಡೇ ಮಾತಾಡಿ, ಯಾರೂ ನಗಲ್ಲ, ದೊಡ್ಡ ದೊಡ್ಡ ಮ್ಯಾನೇಜರ್‌ಗಳೇ ನೋಟ್‌ಬುಕ್ ನೋಡ್ಕೊಂಡು ಮಾತಾಡ್ತಾರೆ. ಲೀಡ್‌ಗೆ ಕನ್ನಡ ಬರುತ್ತೆ ಅಂದ್ರೆ ಅವರ ಸೀಟ್ ಹತ್ರ ಕನ್ನಡದಲ್ಲೇ ಕೇಳಿ, ಸಾಮಾನ್ಯವಾಗಿ ಕಂಪನಿ ರೂಲಲ್ಲಿ ಅದಕ್ಕೆ ಅಡ್ಡಿ ಇರಲ್ಲ.

ವಾಪಸ್ ಬಂದು 'ಈಗ ಮಾತಾಡಿದ ಹಾಗೆ, ಹೀಗೆ ಮಾಡ್ತೀನಿ' ಅಂತ ಮೂರು ಸಾಲು ಮೇಲ್ ಹಾಕಿ. ಇಲ್ಲಿ ನಿಮ್ಮ ಬರೆಯೋ ಶಕ್ತಿ ಕೆಲಸಕ್ಕೆ ಬರುತ್ತೆ, ಟೀಮಲ್ಲಿ ಯಾರೂ ಮಾಡೋಕೆ ಇಷ್ಟಪಡದ ಕೆಲಸ ಅದು, ಸ್ವಲ್ಪ ದಿನದಲ್ಲಿ ಅವರೇ ನಿಮ್ಮನ್ನ ಮೀಟಿಂಗ್ ನೋಟ್ಸ್ ಬರೀರಿ ಅಂತಾರೆ. (ಬರೀರಿ, ಆದ್ರೆ ಪ್ರತೀ ಸಲಾನೂ ನೀವೇ ಬರೀಬೇಡಿ, ಹೆಣ್ಮಕ್ಕಳ ತಲೆಗೆ ಆ ಕೆಲಸ ಕಟ್ಟೋದು ಮಾಮೂಲು.)

ಇನ್ನು ಎರಡು ಸೀಟ್ ಆಚೆ ಇದ್ರೂ ಮೇಲ್ ಹಾಕೋದು ನಿಮ್ಮೊಬ್ಬರ ಕಾಯಿಲೆ ಅಲ್ಲ. ಹಾರ್ವರ್ಡಿನ ಇಬ್ಬರು ಸಂಶೋಧಕರು 2018ರಲ್ಲಿ ಎರಡು ದೊಡ್ಡ ಅಮೆರಿಕನ್ ಕಂಪನಿಗಳ ಮುಖ್ಯ ಕಚೇರಿಗಳಲ್ಲಿ ಗೋಡೆ ತೆಗೆದು ಓಪನ್ ಆಫೀಸ್ ಮಾಡಿದಾಗ ಏನಾಯ್ತು ಅಂತ ಅಳೆದು ನೋಡಿದ್ರು. ಗೋಡೆ ಹೋದ್ರೆ ಜನ ಜಾಸ್ತಿ ಮಾತಾಡ್ತಾರೆ ಅಂತ ಲೆಕ್ಕ. ಆಗಿದ್ದು ಉಲ್ಟಾ, ಮುಖಾಮುಖಿ ಮಾತು ಸುಮಾರು 70 ಪರ್ಸೆಂಟ್ ಬಿದ್ದುಹೋಯ್ತು, ಮೇಲು ಚಾಟು ಏರ್ತು. ನಾಲ್ಕು ಜನ ಕೇಳಿಸ್ಕೊಳ್ತಾರೆ ಅನ್ನೋ ಜಾಗದಲ್ಲಿ ಯಾರಿಗೂ ಬಾಯಿ ಬಿಡೋಕೆ ಮನಸ್ಸು ಬರಲ್ಲ, ಅಷ್ಟೇ.

ಲೀಡ್ ಎಲ್ಲರ ಮುಂದೆ ಗದರಿಸಿದ್ದು ಸರಿ ಅಲ್ಲ. ಅದನ್ನ ಅವರೊಬ್ಬರೇ ಸಿಕ್ಕಾಗ ಬಾಯಲ್ಲೇ ಹೇಳಿ: ಇಂಗ್ಲಿಷಲ್ಲಿ ಮಾತಾಡೋಕೆ ಇನ್ನೂ ಟೈಮ್ ಬೇಕು, ನೀವು ಎಲ್ಲರ ಎದುರು ಅಂದ್ರೆ ಇನ್ನೂ ಹಿಂದೆ ಹೋಗ್ತೀನಿ ಅಂತ. ಇದೊಂದನ್ನ ಮಾತ್ರ ದಯವಿಟ್ಟು ಮೇಲ್ ಮಾಡಬೇಡಿ.

ಪ್ರಶ್ನೆ: ಮೇಡಂ, ನಾನು ಒಂದು ತಾಲ್ಲೂಕು ಮಟ್ಟದ ಕಚೇರೀಲಿ ಪ್ರಥಮ ದರ್ಜೆ ಸಹಾಯಕ. ನಮ್ಮ ಸಾಹೇಬ್ರು ಏನಿದ್ರೂ ಚೇಂಬರಿಗೆ ಕರೆದು ಬಾಯಲ್ಲೇ ಹೇಳೋದು. ಆ ಫೈಲ್ ಸ್ವಲ್ಪ ತಡೀರಿ, ಇದನ್ನ ಮೊದ್ಲು ಪುಟ್ ಅಪ್ ಮಾಡಿ, ಅವರಿಗೆ ಹಿಂಬರಹ ಈಗ ಬೇಡ, ಹೀಗೆ. ಫೈಲಲ್ಲಿ ಬರೀರಿ ಸಾರ್ ಅಂದ್ರೆ 'ನನ್ ಮೇಲೆ ನಂಬಿಕೆ ಇಲ್ವೇನ್ರೀ' ಅಂತಾರೆ. ಈಗ ಆಡಿಟಲ್ಲಿ ಒಂದು ಫೈಲ್ ತಡ ಆಗಿದ್ದಕ್ಕೆ ಆಕ್ಷೇಪಣೆ ಬಂತು, ಸಾಹೇಬ್ರು 'ನಾನ್ಯಾವಾಗ ತಡೀರಿ ಅಂದೆ' ಅಂದುಬಿಟ್ರು. ಕಾರಣ ಕೇಳಿ ನೋಟೀಸು ನನ್ ಹೆಸರಿಗೆ ಬಂದಿದೆ.

ಉತ್ತರ: ಮೇಲಾ ಮಾತಾ ಅಂತ ಜನ ಕೇಳಿದಾಗೆಲ್ಲ ಯಾವುದು ಬೇಗ ಆಗುತ್ತೆ, ಯಾವುದು ಸುಲಭ ಅಂತ ಯೋಚನೆ ಮಾಡ್ತಾರೆ. ನಾನು ಕೇಳೋ ಪ್ರಶ್ನೆ ಬೇರೆ. ನಾಳೆ ಇದರ ದಾಖಲೆ ಇಲ್ಲ ಅಂದ್ರೆ ಯಾರಿಗೆ ಲಾಭ, ಯಾರಿಗೆ ನಷ್ಟ? ಕುರ್ಚಿ ಎತ್ತರ ಇರೋರಿಗೆ ಬಾಯಿಮಾತು ಯಾವತ್ತೂ ಅನುಕೂಲ, ಆಡಿದ್ದನ್ನ ಆಡಿಲ್ಲ ಅನ್ನಬಹುದು. ಕೆಳಗಿರೋರಿಗೆ ಕಾಗದವೇ ಆಸರೆ. ನಿಮ್ಮ ಕಥೇನೇ ಸಾಕ್ಷಿ.

ಮತ್ತೆ ನೀವು ಕೇಳಿದ್ದು ಅಧಿಕಪ್ರಸಂಗ ಅಲ್ಲವೇ ಅಲ್ಲ. ಐಎಎಸ್, ಐಪಿಎಸ್ ಅಧಿಕಾರಿಗಳಿಗೆ ಅನ್ವಯ ಆಗೋ 1968ರ ನಡತೆ ನಿಯಮಗಳಲ್ಲಿ 3(3)ನೇ ನಿಯಮ ಇದೆ, ಮೇಲಧಿಕಾರಿ ಸೂಚನೆ ಸಾಮಾನ್ಯವಾಗಿ ಲಿಖಿತದಲ್ಲೇ ಇರಬೇಕು, ಮೌಖಿಕವಾಗಿ ಹೇಳಲೇಬೇಕಾದ ಸಂದರ್ಭ ಬಂದ್ರೆ ಆಮೇಲೆ ತಕ್ಷಣ ಬರೆದು ದೃಢಪಡಿಸಬೇಕು, ಕೆಳಗಿನ ಅಧಿಕಾರಿ ಆ ದೃಢೀಕರಣ ಕೇಳಬೇಕು. ಗಮನಿಸಿ, ಕೇಳ'ಬಹುದು' ಅಲ್ಲ, ಕೇಳ'ಬೇಕು'. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮದಲ್ಲೂ ಇದೇ ತರ ಇದೆ. 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು, ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಹಾಕಿದ್ದ ಅರ್ಜಿ ಮೇಲೆ ತೀರ್ಪು ಕೊಡ್ತಾ, ಅಧಿಕಾರಿಗಳು ಬರೀ ಮೌಖಿಕ ಆದೇಶದ ಮೇಲೆ ಕೆಲಸ ಮಾಡಬಾರದು, ದಾಖಲು ಮಾಡ್ಕೋಬೇಕು ಅಂತಲೇ ಹೇಳಿದೆ. ಬಾಯಲ್ಲೇ ಎಲ್ಲಾ ಮುಗಿದುಹೋದ್ರೆ ಮಾಹಿತಿ ಹಕ್ಕಿನಲ್ಲಿ ಜನ ಕೇಳೋಕೆ ಏನು ಉಳಿಯುತ್ತೆ ಅನ್ನೋ ಮಾತೂ ಆ ತೀರ್ಪಲ್ಲಿ ಬಂದಿದೆ. ನೀವು ರಾಜ್ಯ ಸರ್ಕಾರಿ ನೌಕರರು, ನಿಮ್ಮ ನಡತೆ ನಿಯಮದ ಪುಸ್ತಕ ತೆಗೆದು ಅದರಲ್ಲಿ ಏನಿದೆ ಓದ್ಕೊಳ್ಳಿ, ಸಂಘದವರ ಹತ್ರ ಇರುತ್ತೆ.

ಇನ್ಮುಂದಕ್ಕೆ ದಾರಿ ಸುಲಭ. 'ಬರೀರಿ ಸಾರ್' ಅನ್ನಬೇಡಿ, ನೀವೇ ಬರೀರಿ. ಚೇಂಬರಿಂದ ಬಂದ ಕೂಡ್ಲೇ ಟಿಪ್ಪಣಿ ಹಾಳೇಲಿ 'ದಿನಾಂಕ ಇಂತಹದರಂದು ಚರ್ಚಿಸಿದಂತೆ ಹಾಗೂ ತಾವು ಮೌಖಿಕವಾಗಿ ಸೂಚಿಸಿದಂತೆ, ಸದರಿ ವಿಷಯವನ್ನು ಮುಂದಿನ ಸೂಚನೆವರೆಗೆ ಕಾಯ್ದಿರಿಸಲಾಗಿದೆ. ತಮ್ಮ ಅವಗಾಹನೆಗೆ ಹಾಗೂ ಸೂಕ್ತ ಆದೇಶಕ್ಕಾಗಿ ಮಂಡಿಸಿದೆ' ಅಂತ ಹಾಕಿ ಮೇಲಕ್ಕೆ ಕಳಿಸಿ. ಇ-ಆಫೀಸ್ (ಕಂಪ್ಯೂಟರಲ್ಲೇ ಫೈಲ್ ಓಡಾಡೋ ವ್ಯವಸ್ಥೆ) ಬಂದಿದ್ರೆ ಇನ್ನೂ ಒಳ್ಳೇದು, ಯಾವ ದಿನ ಎಷ್ಟು ಹೊತ್ತಿಗೆ ಯಾರ ಹತ್ರ ಹೋಯ್ತು ಅನ್ನೋದು ಅದರಲ್ಲೇ ಕೂತಿರುತ್ತೆ. ಮಾಡೋ ಮುಂಚೆ ಒಂದು ಸಲ ನಗುಮುಖದಲ್ಲೇ 'ಸಾರ್, ಫೈಲಲ್ಲಿ ಒಂದು ಲೈನ್ ಬರ್ಕೋತೀನಿ, ನಾಳೆ ಯಾರಾದ್ರೂ ಕೇಳಿದ್ರೆ ಇಬ್ರಿಗೂ ನೆನಪಿರುತ್ತೆ' ಅನ್ನಿ. ಒಪ್ಪೋ ಅಂಥ ಕೆಲಸ ಆಗಿದ್ರೆ ಒಪ್ತಾರೆ. ಮುಖ ಗಂಟಿಕ್ಕಿದ್ರೆ, ಆ ಕೆಲಸದಲ್ಲಿ ಏನೋ ಇದೆ ಅಂತ ನಿಮಗೂ ಗೊತ್ತಾಗುತ್ತಲ್ಲ. ಬರೀ ವಾಟ್ಸಾಪ್ ಮೆಸೇಜ್ ನಂಬ್ಕೊಂಡು ಕೂರಬೇಡಿ, ಅಳಿಸಿಬಿಡ್ತಾರೆ.

ಈಗ ಬಂದಿರೋ ನೋಟೀಸಿಗೆ ಮಾತ್ರ ಚೇಂಬರಲ್ಲಿ ಕೈಮುಗಿದು ಮುಗಿಸೋ ಪ್ರಯತ್ನ ಬೇಡ. ಕೊಟ್ಟಿರೋ ಗಡುವಿನ ಒಳಗೆ ಲಿಖಿತ ಉತ್ತರ ಕೊಡಿ, ಯಾವ ದಿನ ಏನು ಹೇಳಿದ್ರು, ಆಗ ಇನ್ಯಾರಿದ್ರು, ಅದೇ ತರ ತಡೆದ ಬೇರೆ ಫೈಲ್ ಯಾವುದಿದೆ, ಎಲ್ಲಾ ನೆನಪು ಮಾಡ್ಕೊಂಡು ಬರೀರಿ. ಸ್ವೀಕೃತಿ ತಗೊಳ್ಳಿ. ಕೊಡೋ ಮುಂಚೆ ಸೇವಾ ವಿಷಯ ಗೊತ್ತಿರೋ ವಕೀಲರಿಗೆ ತೋರಿಸಿದ್ರೆ ಒಳ್ಳೇದು.

ಪ್ರಶ್ನೆ: ನನ್ನ ಪಕ್ಕದ ಟೀಮಿನವನು ಒಬ್ಬ ಪ್ರತಿ ಮೇಲಿಗೂ ನಮ್ಮ ಮ್ಯಾನೇಜರನ್ನ ಸಿಸಿ ಹಾಕ್ತಾನೆ. 'ಫೈಲ್ ಕಳಿಸಿ' ಅನ್ನೋಕೂ ಸಿಸಿ. ನಾನೂ ಅವನ ಬಾಸನ್ನ ಸಿಸಿ ಹಾಕೋಕೆ ಶುರು ಮಾಡ್ಲಾ? (ಮೈಸೂರು)

ಉತ್ತರ: ಬೇಡ. ಹಾಗೆ ಮಾಡಿದ್ರೆ ಇಬ್ಬರು ಬಾಸ್‌ಗಳೂ ನಿಮ್ಮಿಬ್ಬರ ಮೇಲನ್ನೂ ಓದೋದು ಬಿಡ್ತಾರೆ. ಅವನಿಗೆ ಫೋನ್ ಮಾಡಿ, 'ಯಾಕಪ್ಪಾ, ನಾನು ಯಾವುದಾದ್ರೂ ಲೇಟ್ ಮಾಡಿದ್ನಾ' ಅಂತ ನೇರ ಕೇಳಿ. ಎರಡರಲ್ಲಿ ಒಂದು ಗೊತ್ತಾಗುತ್ತೆ. ಒಂದೋ ನೀವು ಹಿಂದೆ ಯಾವತ್ತೋ ಉತ್ತರ ಕೊಡದೆ ಅವನು ಬೈಸ್ಕೊಂಡಿರ್ತಾನೆ, ಇಲ್ಲಾ ಅವನ ಬಾಸೇ ಹಾಗೆ ಹಾಕು ಅಂದಿರ್ತಾರೆ. ಎರಡಕ್ಕೂ ಮದ್ದು ಇದೆ. ಕೆಲವರಿಗೆ ಅದು ಚಟ, ಅದಕ್ಕೆ ಮಾತ್ರ ನನ್ನ ಹತ್ರ ಮದ್ದಿಲ್ಲ.

ಪ್ರಶ್ನೆ: ಮೇಡಮ್ಮಾರ ನಮಸ್ಕಾರ್ರಿ. ನಾ ಬೆಳಗಾವ್ಯಾಗ ಒಂದ್ ಫೌಂಡ್ರಿಯೊಳಗ ಕ್ವಾಲಿಟಿ ನೋಡ್ಕೋತೀನ್ರಿ. ಬ್ರೇಕಿಗೆ ಹೋಗೋ ಒಂದ್ ಕಾಸ್ಟಿಂಗ್‌ನ್ಯಾಗ (ಎರಕದ ಭಾಗ) ಬ್ಲೋಹೋಲ್, ಅಂದ್ರ ಗಾಳಿ ತೂತು, ಬರಾಕತ್ತಾವ್ರಿ, ಮ್ಯಾಲ ಕಾಣಂಗಿಲ್ಲ, ಕಟ್ ಮಾಡಿದ್ರ ಒಳಗ ಕಾಣ್ತಾವ. ನಮ್ ಸಾಹೇಬ್ರಿಗೆ ಮೇಲ್ ಹಾಕೀನಿ, ಮತ್ತ ರಿಮೈಂಡರ್ ಹಾಕೀನಿ, ಉತ್ತರಾನ ಇಲ್ರಿ. ಮಾಲ್ ಮಾತ್ರ ದಿನಾ ಲಾರಿ ಹತ್ತಾಕತ್ತೈತಿ. ನಾ ಬರದ ತಿಳಿಸೀನಿ ಅಂದ ಮ್ಯಾಲ ನನ್ ಕೆಲಸ ಮುಗೀತಲ್ರಿ? ನಾಳಿ ಏನರ ಆದ್ರ ಮೇಲ್ ತೋರಸ್ತೀನಿ.

ಉತ್ತರ: ಮುಗೀಲಿಲ್ಲ ಅಣ್ಣಾರೆ. ನಿಮ್ಮ ನೌಕರಿ ಉಳಿಸೋಕೆ ಆ ಮೇಲ್ ಸಾಕು, ಬ್ರೇಕ್ ಒತ್ತೋನ ಜೀವ ಉಳಿಸೋಕೆ ಸಾಲದು.

ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ನಿಮಗೆ ನೆನಪಿರಬೇಕು. 2003ರ ಜನವರಿ 16ಕ್ಕೆ ಹಾರಿದ್ದು. ಹಾರಿ ಸುಮಾರು 82 ಸೆಕೆಂಡಿಗೆ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಿತ್ತು ಎಡ ರೆಕ್ಕೆಗೆ ಬಡೀತು. ನೆಲದ ಮೇಲಿದ್ದ ನಾಸಾ ಎಂಜಿನಿಯರ್ ರಾಡ್ನಿ ರೋಚಾ ಅವರಿಗೆ ಅನುಮಾನ ಬಂತು, ಬೇರೆ ಸಂಸ್ಥೆಗಳ ನೆರವಿನಿಂದ ರೆಕ್ಕೆಯ ಫೋಟೋ ತೆಗೆಸೋಣ, ಬೇಕಾದ್ರೆ ಬೇಡಿಕೊಳ್ಳೋಣ ಅನ್ನೋ ಧಾಟೀಲಿ ಮೇಲ್ ಹಾಕಿದ್ರು. ಆ ಕೋರಿಕೆ ಮುಂದೆ ಹೋಗಲಿಲ್ಲ. ಆಮೇಲೆ ಅವರು ಇನ್ನೊಂದು ಖಾರವಾದ ಮೇಲ್ ಬರೆದ್ರು, ಇದು ತಪ್ಪು ನಿರ್ಧಾರ, ಬೇಜವಾಬ್ದಾರಿಯ ಅಂಚಿಗೆ ಬಂದಿದೆ ಅಂತ. ಬರೆದು ಪ್ರಿಂಟ್ ತೆಗೆದು ಸಹೋದ್ಯೋಗಿಗೆ ತೋರಿಸಿದ್ರು, ಕಳಿಸಲಿಲ್ಲ. ಯಾಕೆ ಅಂತ ತನಿಖಾ ಮಂಡಳಿ ಕೇಳಿದಾಗ, ಮೇಲಿನವರನ್ನ ದಾಟಿ ಹೋಗೋಕೆ ಇಷ್ಟ ಇರಲಿಲ್ಲ ಅಂದ್ರು. ಫೆಬ್ರವರಿ 1ಕ್ಕೆ ನೌಕೆ ವಾಪಸ್ ಬರ್ತಾ ಆ ರೆಕ್ಕೆಯಿಂದಲೇ ಒಡೆದುಹೋಯ್ತು, ಏಳೂ ಜನ ಹೋದ್ರು. ಆ ಮೇಲುಗಳೆಲ್ಲ ಆಮೇಲೆ ತನಿಖಾ ವರದೀಲಿ ಅಚ್ಚಾದ್ವು. ರೋಚಾ ಅವರನ್ನ ದೂರೋಕೆ ಇದನ್ನ ಹೇಳ್ತಿಲ್ಲ, ಅಷ್ಟಾದ್ರೂ ಕೇಳಿದವರು ಅವರು. ಆದ್ರೆ ಮೇಲ್ ಅನ್ನೋದನ್ನ ಓದದೇ ಇರೋದು, ಓದಿ ಸುಮ್ಮನಿರೋದು ಎಷ್ಟು ಸುಲಭ ನೋಡಿ. ಎದುರು ಬಂದು ನಿಂತಿರೋ ಮನುಷ್ಯನ್ನ ಹಾಗೆ ಬಿಟ್ಟು ಹೋಗೋಕಾಗಲ್ಲ.

ಅದಕ್ಕೇ ನೀವು ಇವತ್ತೇ ಒಂದು ಪೀಸ್ ಕಟ್ ಮಾಡಿಸಿ, ಒಳಗಿನ ತೂತು ಕಾಣೋ ಹಂಗೆ ಕೈಯಲ್ಲಿ ಹಿಡ್ಕೊಂಡು ಸಾಹೇಬ್ರ ಟೇಬಲ್ ಮೇಲೆ ಇಡಿ. 'ಸರ, ಇದು ಬ್ರೇಕಿಗೆ ಹೋಗೂದೈತಿ, ಇವತ್ತಿನ ಲಾರಿ ಕಳಸೂದ ಏನ್ರಿ?' ಅಂತ ಹೌದು-ಇಲ್ಲ ಅನ್ನೋ ಪ್ರಶ್ನೇನೇ ಕೇಳಿ. ನಿಮಗೆ ಮಾಲು ತಡೆಯೋ ಹೋಲ್ಡ್ ಟ್ಯಾಗ್ ಹಾಕೋ ಅಧಿಕಾರ ಇದ್ರೆ ಕೇಳೋ ಮುಂಚೇನೇ ಆ ಲಾಟಿಗೆ ಕೆಂಪು ಟ್ಯಾಗ್ ಹಾಕಿ ಪಕ್ಕಕ್ಕೆ ಇಡಿಸಿ, ಎನ್‌ಸಿಆರ್ (ಮಾಲು ಸರಿ ಇಲ್ಲ ಅನ್ನೋ ವರದಿ) ಬರೀರಿ. ಸಾಹೇಬ್ರು ಏನು ಅಂದ್ರು ಅನ್ನೋದನ್ನ ಅವತ್ತೇ ಮೇಲ್ ಮಾಡಿ, ಹೀಟ್ ನಂಬರು (ಯಾವ ಸಲ ಕರಗಿಸಿದ ಲೋಹ ಅನ್ನೋ ಗುರುತು), ಎಷ್ಟು ಪೀಸ್ ಕಟ್ ಮಾಡಿ ಎಷ್ಟರಲ್ಲಿ ಸಿಕ್ತು, ಫೋಟೋ ಸಮೇತ. ವಿಷಯದ ಸಾಲಲ್ಲಿ 'ರಿಮೈಂಡರ್' ಅಂತ ಹಾಕಬೇಡಿ, ರಿಮೈಂಡರ್ ಅಂದ್ರೆ ಯಾರೂ ತೆಗೆಯಲ್ಲ. 'ಬ್ರೇಕ್ ಕಾಸ್ಟಿಂಗ್ ರವಾನೆ ನಿಲ್ಲಿಸಬೇಕು' ಅಂತಲೇ ಬರೀರಿ. ಅವರೂ ಕದಲಲಿಲ್ಲ ಅಂದ್ರೆ ಅವರ ಮೇಲಿನವರ ಹತ್ರ ಹೋಗಿ, ಹೋಗ್ತಿದೀನಿ ಅಂತ ಇವರಿಗೆ ಹೇಳಿಯೇ ಹೋಗಿ. ಸಿಟ್ಟಾಗ್ತಾರೆ. ಆಗಲಿ.

ಪ್ರಶ್ನೆ: ತುಂಬಾ ಜನ ಇರೋ ಒಂದು ದೊಡ್ಡ ಇಮೇಲ್ ಥ್ರೆಡ್ಡಲ್ಲಿ ತಮಾಷೆಗೆ 'ವಾಹ್, ಎಷ್ಟು ಬೇಗ ಉತ್ತರ ಬಂತು, ಥ್ಯಾಂಕ್ಸ್' ಅಂತ ಹಾಕಿದೆ. ಅವರು ನಾಲ್ಕು ದಿನ ತಡ ಮಾಡಿದ್ರು, ಅದಕ್ಕೆ. ಈಗ ಆ ಮೇಡಂ ನನ್ನ ಜೊತೆ ಮಾತೇ ಬಿಟ್ಟಿದ್ದಾರೆ. ತಮಾಷೆ ಅಂತ ಇನ್ನೊಂದು ಮೇಲ್ ಹಾಕ್ಲಾ? (ಮಂಗಳೂರು)

ಉತ್ತರ: ಅಯ್ಯೋ ಬೇಡ ಮಾರಾಯ್ರೆ, ಮೊದಲನೇದು ಹೊತ್ತಿಸಿದ ಬೆಂಕಿಗೆ ಎರಡನೇದು ಎಣ್ಣೆ. ಕುಹಕ ಅನ್ನೋದು ದನಿಯಲ್ಲಿ ಇರುತ್ತೆ, ಅಕ್ಷರದಲ್ಲಿ ಇರಲ್ಲ. ಇದನ್ನ ಅಮೆರಿಕದ ಮನಃಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲೀ ಮತ್ತವರ ಜೊತೆಗಾರರು 2005ರಲ್ಲಿ ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ವ್ಯಂಗ್ಯದ ವಾಕ್ಯ, ಗಂಭೀರದ ವಾಕ್ಯ ಎರಡನ್ನೂ ಕೊಟ್ಟು, ಓದೋರಿಗೆ ಯಾವುದು ಯಾವುದು ಅಂತ ಗೊತ್ತಾಗುತ್ತಾ ಅಂತ ನೋಡಿದ್ರು. ಕಳಿಸಿದವರು ನೂರಕ್ಕೆ 78 ಸಲ ಸರಿಯಾಗಿ ಹಿಡೀತಾರೆ ಅಂದ್ಕೊಂಡಿದ್ರು. ಮೇಲಲ್ಲಿ ಓದಿದವರು ಹಿಡಿದದ್ದು 56, ಅಂದ್ರೆ ನಾಣ್ಯ ಚಿಮ್ಮಿ ಹೇಳೋದಕ್ಕಿಂತ ಒಂಚೂರು ವಾಸಿ. ಅದೇ ವಾಕ್ಯ ದನಿಯಲ್ಲಿ ಕೇಳಿದವರು 73 ಹಿಡಿದ್ರು. ನಮ್ಮ ತಲೇಲಿ ನಮ್ಮ ದನಿ ಕೇಳಿಸ್ತಾ ಇರುತ್ತೆ, ಓದೋರ ತಲೇಲಿ ಅವರವರ ಮೂಡಿನ ದನಿ.

ಆದ್ರೆ ನಿಮ್ಮ ಕೇಸಲ್ಲಿ ನನಗೊಂದು ಅನುಮಾನ, ಆ ಮೇಡಂಗೆ ಚೆನ್ನಾಗೇ ಅರ್ಥ ಆಗಿದೆ. ತಮಾಷೆ ಅಂತ ನೀವು ಅಂತೀರಿ, ಒಳಗೆ ಸಿಟ್ಟಿತ್ತು. ಹೋಗಿ ಮುಖ ನೋಡಿ 'ಎಲ್ಲರ ಮುಂದೆ ಹಾಗೆ ಹಾಕಬಾರದಿತ್ತು ಮೇಡಂ' ಅಂತಷ್ಟೇ ಹೇಳಿ, ನೀವು ನಾಲ್ಕು ದಿನ ತಡ ಮಾಡಿದ್ರಲ್ಲ ಅಂತ ಬಾಲ ಸೇರಿಸಬೇಡಿ. ಅದನ್ನ ಇನ್ನೊಂದು ದಿನ ಬೇರೆಯಾಗಿ ಮಾತಾಡಿ. ಇನ್ನೊಂದು, ಜಿಮೇಲ್ ಸೆಟ್ಟಿಂಗಲ್ಲಿ ಕಳಿಸಿದ ಮೇಲೂ 30 ಸೆಕೆಂಡ್ ತನಕ ವಾಪಸ್ ತಗೊಳ್ಳೋ ಅವಕಾಶ ಇಟ್ಕೋಬಹುದು, ಅದನ್ನ 30ಕ್ಕೇ ಇಟ್ಕೊಳ್ಳಿ. ನಿಮ್ಮಂಥವರಿಗೇ ಅಂತ ಮಾಡಿದ್ದದು.

ಪ್ರಶ್ನೆ: ನಮ್ಮ ಆಫೀಸಲ್ಲಿ ಒಬ್ಬ ಸೀನಿಯರ್ ನನ್ನ ಜೊತೆ ಅಸಭ್ಯವಾಗಿ ನಡ್ಕೊಂಡ್ರು, ಒಂದು ಸಲ ಅಲ್ಲ. ಎಚ್‌ಆರ್ ಹತ್ರ ಹೋದೆ. 'ಬರವಣಿಗೇಲಿ ಎಲ್ಲಾ ಯಾಕಮ್ಮ, ಕೂತು ಮಾತಾಡಿ ಮುಗಿಸೋಣ, ನಿನ್ನ ಹೆಸರೂ ಹಾಳಾಗಲ್ಲ' ಅಂದ್ರು. ಮಾತಾಡೋದೇ ಒಳ್ಳೇದು ಅಂತ ನೀವೂ ಹಿಂದೆ ಬರೆದಿದ್ರಿ. ಏನು ಮಾಡಬೇಕು?

ಉತ್ತರ: ಇದಕ್ಕೆ ಮಾತಲ್ಲ. ಬರೀರಿ, ಬೇಗ ಬರೀರಿ.

ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಪ್ರತಿ ಜಾಗದಲ್ಲೂ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದ್ದು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನ ಒಬ್ಬರು ಇರಬೇಕು. ದೂರು ಲಿಖಿತದಲ್ಲಿ ಕೊಡಬೇಕು, ಘಟನೆ ಆಗಿ ಮೂರು ತಿಂಗಳ ಒಳಗೆ. ಮತ್ತೆ ಮತ್ತೆ ಆಗಿದ್ರೆ ಕೊನೇ ಸಲದಿಂದ ಲೆಕ್ಕ. ತಡ ಆಗಿದ್ದಕ್ಕೆ ಕಾರಣ ಇದ್ರೆ ಸಮಿತಿ ಇನ್ನೂ ಮೂರು ತಿಂಗಳ ತನಕ ಕೊಡಬಹುದು. ನೋಡಿ, 'ಕೂತು ಮಾತಾಡೋಣ' ಅಂತ ದಿನ ತಳ್ಳಿದ್ರೆ ಯಾರ ಗಡುವು ಕರಗುತ್ತೆ? ನಿಮಗೆ ಬರೆಯೋಕೆ ಕಷ್ಟ ಅಂದ್ರೆ ಬರೆಯೋಕೆ ಸಹಾಯ ಮಾಡೋದೂ ಸಮಿತಿಯದ್ದೇ ಕೆಲಸ. ರಾಜಿ ಅನ್ನೋದು ಕಾನೂನಲ್ಲಿ ಇದೆ, ಆದ್ರೆ ಅದು ನೀವು ಕೇಳಿದ್ರೆ ಮಾತ್ರ, ಎಚ್‌ಆರ್ ಕೇಳಿದ್ರೆ ಅಲ್ಲ, ಮತ್ತೆ ದುಡ್ಡು ಕೊಟ್ಟು ಮುಗಿಸೋ ರಾಜಿ ಮಾಡೋ ಹಾಗಿಲ್ಲ. ಹತ್ತಕ್ಕಿಂತ ಕಮ್ಮಿ ಜನ ಇರೋ ಕಡೆ ಆಗಿದ್ರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ.

ದಿನಾಂಕ, ಜಾಗ, ಏನಾಯ್ತು, ಯಾರಿದ್ರು, ಅವರು ಕಳಿಸಿರೋ ಮೆಸೇಜ್ ಏನಾದ್ರೂ ಇದ್ರೆ ಅದರ ಸ್ಕ್ರೀನ್‌ಶಾಟ್, ಎಲ್ಲಾ ಇಟ್ಕೊಳ್ಳಿ. ಕಂಪನಿ ಇಮೇಲಿಂದ ದೂರು ಕಳಿಸಿದ್ರೂ ಒಂದು ಪ್ರತಿ ನಿಮ್ಮ ಹತ್ರ ಬೇರೆಯಾಗಿ ಇರಲಿ, ನಾಳೆ ಲಾಗಿನ್ನೇ ತೆಗೆದ್ರೆ ಕೈ ಖಾಲಿ. ಎಚ್‌ಆರ್ ಆಡಿದ ಆ ಮಾತನ್ನೂ ದಿನಾಂಕ ಹಾಕಿ ಬರ್ಕೊಳ್ಳಿ. ಮಾತಾಡಬೇಕು ಅನ್ಸಿದ್ರೆ ಮನೇಲಿ ನಂಬೋರ ಹತ್ರ, ಗೆಳತಿ ಹತ್ರ ಮಾತಾಡಿ, ಅದು ಖಂಡಿತ ಬೇಕು.

ಪ್ರಶ್ನೆ: ಪೀಣ್ಯದಲ್ಲಿ ಸಣ್ಣದೊಂದು ಮೆಷಿನ್ ಶಾಪ್ ಇದೆ. ಗಿರಾಕಿಗಳು ಹಳಬರು, ರೇಟು, ಡೆಲಿವರಿ ಎಲ್ಲಾ ಫೋನಲ್ಲೇ. ಈಗ ಒಬ್ಬರು 'ಆ ರೇಟ್ ನಾನು ಒಪ್ಪೇ ಇಲ್ಲ' ಅಂತಿದ್ದಾರೆ. ಅಗ್ರಿಮೆಂಟ್ ಮಾಡಿ ಅಂದ್ರೆ ಹಳೇ ಸ್ನೇಹ ಕೆಡುತ್ತೆ. ಬರೀ ಮೇಲಿಗೆ ಬೆಲೆ ಇದ್ಯಾ?

ಉತ್ತರ: ಇದೆ. 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ್ದು. ಬಾಕ್ಸೈಟ್ ಪೂರೈಕೆ ಬಗ್ಗೆ ಮೇಲಲ್ಲೇ ರೇಟು ಕೊಟ್ಟು ಮೇಲಲ್ಲೇ ಒಪ್ಪಿದ್ರು, ಆಮೇಲೆ ಸಹಿ ಹಾಕಿದ ಕರಾರೇ ಇಲ್ವಲ್ಲ ಅಂತ ವಾದ ಬಂತು. ಮೇಲಲ್ಲೇ ಕರಾರು ಆಗಿದೆ ಅಂತ ಕೋರ್ಟ್ ಎತ್ತಿ ಹಿಡೀತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ನೂ ಎಲೆಕ್ಟ್ರಾನಿಕ್ ರೂಪದಲ್ಲಿದೆ ಅನ್ನೋ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗಲ್ಲ ಅನ್ನುತ್ತೆ. ಹಂಗಾಗಿ ಅಗ್ರಿಮೆಂಟ್ ಅಂತ ಹೆದರಿಸಬೇಡಿ. ಫೋನಲ್ಲೇ ಚೌಕಾಸಿ ಮಾಡಿ, ಮಾಡಲೇಬೇಕು, ಚೌಕಾಸಿಗೆ ಮೇಲ್ ಲಾಯಕ್ಕಿಲ್ಲ. ಫೋನ್ ಇಟ್ಟ ತಕ್ಷಣ 'ಅಣ್ಣಾ, ಈಗ ಮಾತಾಡಿದ ಹಾಗೆ ಪೀಸಿಗೆ ಇಷ್ಟು, ಇಷ್ಟು ಪೀಸು, ಇಂಥ ತಾರೀಖು, ಓಕೆ ಅಂತ ಒಂದು ರಿಪ್ಲೈ ಹಾಕಿ, ಮಾಲು ತರಿಸ್ತೀನಿ' ಅಂತ ಕಳಿಸಿ. ಓಕೆ ಬರೋ ತನಕ ಕಚ್ಚಾ ಮಾಲು ತರಿಸಬೇಡಿ. ಈಗಿನ ತಕರಾರಿಗೆ ಮಾತ್ರ ಹೋಗಿ ಕೂತು ಕಾಫಿ ಕುಡಿದು ಮಾತಾಡೋದೇ ದಾರಿ, ಹಳೇ ಬಿಲ್ಲುಗಳಿದ್ರೆ ಜೊತೆಗೆ ಒಯ್ಯಿರಿ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿದ್ದೀನಿ, ನನ್ನ ಟೀಮ್ ಬೆಂಗಳೂರಲ್ಲಿ. ಫೋನ್ ಕಾಲಲ್ಲಿ ಎಲ್ಲರೂ 'ಎಸ್ ಎಸ್, ವಿಲ್ ಡೂ' ಅಂತಾರೆ. ವಾರ ಕಳೆದ್ರೂ ಆಗಿರಲ್ಲ. ನಾನೂ ಕನ್ನಡದವನೇ, ಆದ್ರೂ ಅರ್ಥ ಆಗ್ತಿಲ್ಲ.

ಉತ್ತರ: ಅಲ್ಲಿಗೂ ಇಲ್ಲಿಗೂ ಬೇಸಿಗೇಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹದಿಮೂರೂವರೆ. ನಿಮ್ಮ ಬೆಳಗ್ಗೆ ಅಂದ್ರೆ ಅವರಿಗೆ ರಾತ್ರಿ ಊಟದ ಹೊತ್ತು. ಪಕ್ಕದ ರೂಮಲ್ಲಿ ಮಗು ಅಳ್ತಿರುತ್ತೆ, ಹತ್ತು ಜನ ಕೇಳ್ತಿರ್ತಾರೆ, ನೀವು ಬಾಸ್. ಆ ಹೊತ್ತಲ್ಲಿ ಬರೋ 'ಎಸ್' ಅಂದ್ರೆ ಕೇಳಿಸ್ತು ಅಂತ, ಆಗುತ್ತೆ ಅಂತ ಅಲ್ಲ. ನೀವೂ ಇಲ್ಲಿದ್ದಾಗ ಹಾಗೇ ಅಂದಿರ್ತೀರಿ, ಈಗ ಮರೆತಿದೆ.

ನಿಮ್ಮ ಕೇಸಲ್ಲಿ ನಾನು ಇಮೇಲ್ ಪರ. ಕಾಲಿಗೆ ಒಂದು ದಿನ ಮುಂಚೇನೇ ಏನು ಬೇಕು ಅಂತ ಬರೆದು ಕಳಿಸಿ, 'ಇದು ಆಗುತ್ತಾ' ಅಂತ ಕೇಳಬೇಡಿ, 'ಇದಕ್ಕೆ ಅಡ್ಡಿ ಏನೇನಿದೆ, ಯಾವುದನ್ನ ಬಿಟ್ರೆ ಇದಾಗುತ್ತೆ' ಅಂತ ಕೇಳಿ. ಆಗಲ್ಲ ಅನ್ನೋದನ್ನ ನಮ್ಮ ಜನ ಹತ್ತು ಜನರ ಮುಂದೆ ಹಿರಿಯರ ಮುಖಕ್ಕೆ ಹೇಳಲ್ಲ, ಬರೀರಿ ಅಂದ್ರೆ ಬೆಳಗ್ಗೆ ಆಫೀಸಿಗೆ ಬಂದು ನಿಧಾನಕ್ಕೆ ಬರೀತಾರೆ. ಕಾಲಿನಲ್ಲಿ ಆ ಉತ್ತರಗಳ ಮೇಲೆ ಮಾತಾಡಿ. ಒಬ್ಬೊಬ್ಬರ ಜೊತೆ ಬೇರೆ ಬೇರೆ ಫೋನ್ ಮಾಡೋದೂ ಇರಲಿ, ಅಲ್ಲಿ ಕನ್ನಡ ಮಾತಾಡಿ.

ಪ್ರಶ್ನೆ: ರಾಜೀನಾಮೆ ಮೊದಲು ಬಾಯಲ್ಲಿ ಹೇಳಬೇಕಾ, ಮೇಲಾ? ನಮ್ ಮ್ಯಾನೇಜರ್ ಒಳ್ಳೇ ಮನುಷ್ಯ, ಎದುರು ಹೋದ್ರೆ ಹೇಳೋಕೇ ಆಗಲ್ಲ. (ಹುಬ್ಬಳ್ಳಿ)

ಉತ್ತರ: ಒಳ್ಳೇ ಮನುಷ್ಯ ಅಂದ ಮೇಲೆ ಬಾಯಲ್ಲೇ ಮೊದಲು. ಮೇಲ್ ಬಾಕ್ಸ್ ತೆಗೆದು ನೋಡಿದಾಗ ಗೊತ್ತಾಗೋದು ಅವರಿಗೆ ಮಾಡೋ ಅವಮಾನ. ಆದ್ರೆ ಹೋಗೋ ಮುಂಚೆ ಮೇಲ್ ಬರೆದು ಡ್ರಾಫ್ಟಲ್ಲಿ ಇಟ್ಟು ಹೋಗಿ, ಆಚೆ ಬಂದ ಕೂಡ್ಲೇ ಕಳಿಸಿಬಿಡಿ. ನೋಟೀಸ್ ಪೀರಿಯಡ್ ಸಾಮಾನ್ಯವಾಗಿ ಬರೆದು ಕೊಟ್ಟ ದಿನದಿಂದ ಲೆಕ್ಕ, ಕಣ್ಣೀರು ಹಾಕ್ಕೊಂಡು ಮಾತಾಡಿದ ದಿನದಿಂದ ಅಲ್ಲ. 'ಸ್ವಲ್ಪ ದಿನ ಯೋಚನೆ ಮಾಡಪ್ಪಾ, ಮೇಲ್ ಆಮೇಲೆ ಹಾಕು' ಅಂತ ಅವರು ಅಂದೇ ಅಂತಾರೆ. ಯೋಚನೆ ಬೇಕಾದ್ರೆ ಮಾಡಿ, ಮೇಲ್ ಮಾತ್ರ ಅವತ್ತೇ ಹೋಗಲಿ, ಮನಸ್ಸು ಬದಲಾದ್ರೆ ವಾಪಸ್ ತಗೋತೀನಿ ಅಂತ ಕೇಳೋಕೆ ಅಡ್ಡಿ ಇಲ್ಲ. ಹೊಸ ಕಡೆ ಆಫರ್ ಲೆಟರ್ ಕೈಗೆ ಬಂದಿದೆ ತಾನೇ? ಅಥವಾ ಅವರೂ ಫೋನಲ್ಲೇ ಹೇಳಿರೋದಾ?